ಚೌಕ ಓರೆಯಾದರೆ ಮಕ್ಕಳಿಗೆ ಗುರುತೇ ಸಿಗುವುದಿಲ್ಲ: ಕಡ್ಡಿ-ದಾರವೋ, ಜಿಯೋಜೀಬ್ರಾವೋ?

ಗಣಿತ ಮಿಸ್, ಪಾಂಡವಪುರ ಕಡೆ

ಎಲ್ಲರಿಗೂ ನಮಸ್ಕಾರ. ಮಂಡ್ಯ ಜಿಲ್ಲೆಯ ಒಂದು ಹಳ್ಳಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಒಂಬತ್ತನೇ ತರಗತಿಯಲ್ಲಿ 41 ಮಕ್ಕಳು. ಬೀಜಗಣಿತವನ್ನು ಹೇಗೋ ಎಳೆದುಕೊಂಡು ಹೋಗುತ್ತಾರೆ, ರೇಖಾಗಣಿತ ಅಂದ ತಕ್ಷಣ ಮುಖ ಸಣ್ಣಗಾಗುತ್ತದೆ.

ಹೋದ ವಾರ ಬೋರ್ಡಿನ ಮೇಲೆ ಒಂದು ಚೌಕ ಬರೆದೆ. "ಇದೇನು?" "ಚೌಕ ಮಿಸ್." ಪಕ್ಕದಲ್ಲಿ ಅದೇ ಚೌಕವನ್ನು ಒಂದು ಮೂಲೆ ಕೆಳಗೆ ಬರುವ ಹಾಗೆ ಓರೆಯಾಗಿ ಬರೆದೆ. "ಡೈಮಂಡ್ ಮಿಸ್!" ಇಡೀ ಕ್ಲಾಸು ಒಂದೇ ಬಾಯಲ್ಲಿ. ಬನ್ನಿ, ಅಳೆದು ನೋಡಿ ಅಂದೆ. ಅಳೆದರು. ನಾಲ್ಕೂ ಬಾಹು ಸಮ, ನಾಲ್ಕೂ ಕೋನ 90. ಆದರೂ ಒಬ್ಬಳು ಎದ್ದು ನಿಂತು "ಅದೆಲ್ಲ ಸರಿ ಮಿಸ್, ಆದ್ರೆ ಚೌಕ ಹಿಂಗೆ ನಿಲ್ಲಲ್ಲ" ಅಂದಳು. ಆಗ ನಗು ಬಂತು. ಮನೆಗೆ ಬಂದ ಮೇಲೆ ನಗು ಹೋಗಿ ಅದೇ ಮಾತು ತಲೆಯಲ್ಲಿ ಕೊರೆಯುತ್ತಾ ಇತ್ತು.

ಕೋನಮಾಪಕದ ಕತೆ ಬೇರೆ. ನೋಡಿದರೇ ಚೂಪು ಅಂತ ಗೊತ್ತಾಗುವ ಕೋನ, 50 ಇದೆ, ಇವರು 130 ಅಂತ ಬರೆದಿರುತ್ತಾರೆ. ಅದರಲ್ಲಿ ಎರಡು ಸಾಲು ಅಂಕಿ ಇರುತ್ತವಲ್ಲ, ಕಣ್ಣಿಗೆ ಮೊದಲು ಬಿದ್ದದ್ದನ್ನು ಓದಿಬಿಡುತ್ತಾರೆ. ಪ್ರಮೇಯ ಮಾತ್ರ ಬಾಯಿಪಾಠ. ದತ್ತ, ಸಾಧನೀಯ, ರಚನೆ, ಸಾಧನೆ, ಎಲ್ಲ ಗಡಗಡ ಬರುತ್ತದೆ. ಚಿತ್ರದಲ್ಲಿ ಎ ಬಿ ಸಿ ಬದಲು ಪಿ ಕ್ಯೂ ಆರ್ ಇದ್ದರೆ ಮುಗಿಯಿತು ಕತೆ.

ನಮ್ಮಲ್ಲಿ ಇರುವುದು ಇಷ್ಟು: ಒಂದು ಪ್ರೊಜೆಕ್ಟರ್, ಓಡುವ ಕಂಪ್ಯೂಟರ್ ಮೂರು, ಇಂಟರ್‌ನೆಟ್ ಇಲ್ಲ, ಮಧ್ಯಾಹ್ನದ ಮೇಲೆ ಕರೆಂಟು ಇದ್ದರೆ ಇತ್ತು. ಬೀರುವಿನಲ್ಲಿ ಒಂದು ಗಣಿತ ಕಿಟ್ ಇದೆ, ಸಾಮಾನು ಕಳೆದುಹೋಗುತ್ತದೆ ಅನ್ನೋ ಭಯಕ್ಕೆ ಅದರ ಬೀಗ ತೆಗೆಯುವುದೇ ಇಲ್ಲ. ನನ್ನ ಕೈಯಿಂದ ಒಂದೂವರೆ ಸಾವಿರ ಹಾಕಬಲ್ಲೆ. ಕೆಲವರು ಕಂಪ್ಯೂಟರಿನಲ್ಲಿ ರೇಖಾಗಣಿತದ ಚಿತ್ರ ಬರೆದು ಎಳೆದಾಡಿ ನೋಡುವ ಜಿಯೋಜೀಬ್ರಾ ತಂತ್ರಾಂಶ ಹಾಕಿಸಿ ಸಾಕು ಅನ್ನುತ್ತಾರೆ, ಇನ್ನು ಕೆಲವರು ಕೈಯಲ್ಲಿ ಮಾಡಿಸಿ ಅನ್ನುತ್ತಾರೆ. ಎಲ್ಲಿಂದ ಶುರು ಮಾಡಲಿ? "ಆಟ ಆಡಿಸ್ತಾ ಕೂತ್ರೆ ಪೋರ್ಷನ್ ಯಾರು ಮುಗಿಸೋದು" ಅಂತ ಸ್ಟಾಫ್ ರೂಮಿನಲ್ಲಿ ಕೇಳುತ್ತಾರೆ. ಅವರಿಗೂ ಏನಾದರೂ ಹೇಳಬೇಕಲ್ವಾ?

ಕಡ್ಡಿಪೊರಕೆ

ಮೇಡಂ, ಮದ್ದೂರು ಕಡೆ ಮೇಷ್ಟ್ರಾಗಿದ್ದು ರಿಟೈರ್ ಆದವನು ನಾನು. ಮೊದಲು ಆ ಹುಡುಗಿಗೆ ನನ್ನ ಕಡೆಯಿಂದ ಒಂದು ಶಹಬಾಸ್ ಹೇಳಿ. ಅಳತೆ ಒಪ್ಪಿಕೊಂಡೂ ತನ್ನ ಕಣ್ಣಿಗೆ ಕಂಡದ್ದನ್ನು ಬಿಟ್ಟುಕೊಡಲಿಲ್ಲ ನೋಡಿ, ಅಂಥ ಮಗು ಸಿಗುವುದು ಕಷ್ಟ.

ಒಂದೂವರೆ ಸಾವಿರ ಇಟ್ಟುಕೊಳ್ಳಿ, ಈಗಲೇ ಖರ್ಚು ಮಾಡಬೇಡಿ. ಸೈಕಲ್ ಶಾಪಿಗೆ ಹೋಗಿ ವಾಲ್ ಟ್ಯೂಬ್, ಅಂದರೆ ವಾಲ್ವಿಗೆ ಹಾಕುವ ಸಣ್ಣ ರಬ್ಬರ್ ಕೊಳವೆ, ಒಂದೆರಡು ಮೀಟರ್ ತನ್ನಿ. ತೆಂಗಿನ ಕಡ್ಡಿ ಮಂಡ್ಯದಲ್ಲಿ ದುಡ್ಡು ಕೊಟ್ಟು ತರುವವರು ಯಾರೂ ಇಲ್ಲ. ಟ್ಯೂಬನ್ನು ಎರಡೆರಡು ಸೆಂಟಿಮೀಟರಿಗೆ ಕತ್ತರಿಸಿ, ಒಂದು ತುಂಡಿನ ಎರಡು ತುದಿಗೆ ಎರಡು ಕಡ್ಡಿ ತೂರಿಸಿದರೆ ಒಂದು ಮೂಲೆ ಆಯಿತು. ಬುಡದ ಕಡೆಯ ದಪ್ಪ ಕಡ್ಡಿಯೇ ಬೇಕು, ತುದಿಯದು ಜಾರಿ ಬರುತ್ತದೆ. ಇದು ನನ್ನ ತಲೆಯಿಂದ ಬಂದದ್ದಲ್ಲ, ಬೆಂಕಿಕಡ್ಡಿ ಮತ್ತು ವಾಲ್ ಟ್ಯೂಬಿನ ಮಾದರಿಗಳನ್ನು ದೇಶದ ತುಂಬಾ ಹಬ್ಬಿಸಿದವರು ಅರವಿಂದ ಗುಪ್ತಾ, 2018ರಲ್ಲಿ ಪದ್ಮಶ್ರೀ ಬಂತಲ್ಲ ಅವರು. ಬೆಂಕಿಕಡ್ಡಿ ಬಹಳ ಗಿಡ್ಡ, ನಾನು ತೆಂಗಿನ ಕಡ್ಡಿಗೆ ಬದಲಾಯಿಸಿಕೊಂಡೆ ಅಷ್ಟೆ.

ಒಬ್ಬೊಬ್ಬರಿಗೂ ಒಂದು ಚೌಕ, ಒಂದು ತ್ರಿಭುಜ ಮಾಡಿಸಿ. ಚೌಕದ ಮೂಲೆ ಹಿಡಿದು ಒತ್ತಿದರೆ ಸೊಯ್ಯನೆ ವಾಲುತ್ತದೆ. ಬಾಹು ಬದಲಾಯಿತಾ ಅಂತ ಕೇಳಿ. ಇಲ್ಲ. ಹಾಗಾದರೆ ಏನು ಬದಲಾಯಿತು? ಇಲ್ಲಿ ನೀವು ಬಾಯಿ ಮುಚ್ಚಿಕೊಂಡಿರಬೇಕು, ಅದೇ ಕಷ್ಟದ ಕೆಲಸ. "ಕೋನ" ಅನ್ನೋ ಮಾತು ಅವರ ಬಾಯಿಂದಲೇ ಬರಲಿ. ಆಮೇಲೆ ಚೌಕವನ್ನು ನೆಟ್ಟಗೆ ಮಾಡಿಸಿ, ಅಂಗೈ ಮೇಲೆ ಇಟ್ಟು ನಿಧಾನಕ್ಕೆ ಅಂಗೈ ತಿರುಗಿಸಲು ಹೇಳಿ. ಎಷ್ಟು ತಿರುಗಿಸಿದಾಗ ಚೌಕ ಹೋಗಿ ಡೈಮಂಡ್ ಬಂತು, ನಿಲ್ಲಿಸಿ ತೋರಿಸಿ ಅನ್ನಿ. ಯಾರೂ ನಿಲ್ಲಿಸಲಾರರು.

ತ್ರಿಭುಜವನ್ನು ಎಷ್ಟು ಒತ್ತಿದರೂ ಅದು ಅಲ್ಲಾಡುವುದಿಲ್ಲ, ಕಡ್ಡಿ ಮುರಿಯಬೇಕು ಅಷ್ಟೆ. ಮೂರು ಬಾಹುವಿನ ಅಳತೆ ಗೊತ್ತಾದರೆ ತ್ರಿಭುಜ ಒಂದೇ, ಬೇರೆ ದಾರಿ ಇಲ್ಲ. ಬಾಹು-ಬಾಹು-ಬಾಹು ಸರ್ವಸಮತೆ ಅಂತ ನೀವು ಅರ್ಧ ಗಂಟೆ ಬೋರ್ಡಿನಲ್ಲಿ ಬರೆಯುವುದು ಇಷ್ಟನ್ನೇ. ವಾಲುತ್ತಿದ್ದ ಚೌಕಕ್ಕೆ ಅಡ್ಡಲಾಗಿ ಒಂದು ಕರ್ಣದ ಕಡ್ಡಿ ಸಿಕ್ಕಿಸಿದರೆ ಅದೂ ಗಟ್ಟಿಯಾಗುತ್ತದೆ. ಆಮೇಲೆ ಕಿಟಕಿಯಿಂದ ಹೈಟೆನ್ಶನ್ ಕರೆಂಟಿನ ಟವರ್ ತೋರಿಸಿ. 3, 4 ಮತ್ತು 8 ಸೆಂಟಿಮೀಟರ್ ಕಡ್ಡಿ ಕೊಟ್ಟು ತ್ರಿಭುಜ ಮಾಡಿ ಅಂತಲೂ ಹೇಳಿ. ಬೆವರಿಳಿಸಿಕೊಳ್ಳಲಿ.

ಕೋನಮಾಪಕವನ್ನು ಒಂದು ವಾರ ಮುಟ್ಟಿಸಬೇಡಿ. ಯಾವುದೇ ಹರಿದ ಕಾಗದವನ್ನು ಒಮ್ಮೆ ಮಡಿಸಿ, ಮಡಿಕೆಯ ಮೇಲೆ ಮಡಿಕೆ ಕೂರುವ ಹಾಗೆ ಇನ್ನೊಮ್ಮೆ ಮಡಿಸಿದರೆ ಲಂಬಕೋನ ಸಿಗುತ್ತದೆ. ಅದನ್ನು ಜೇಬಿನಲ್ಲಿ ಇಟ್ಟುಕೊಂಡಿರಲಿ. ಯಾವ ಕೋನ ಕಂಡರೂ ಮೊದಲು ಆ ಕಾಗದದ ಮೂಲೆ ಇಟ್ಟು ಇದಕ್ಕಿಂತ ಚಿಕ್ಕದೋ ದೊಡ್ಡದೋ ಹೇಳಬೇಕು. ಆಮೇಲೆ ಅಳತೆ. ಕಾಗದಕ್ಕಿಂತ ಚಿಕ್ಕದು ಅಂತ ತಾನೇ ಹೇಳಿದ ಮೇಲೆ 130 ಅಂತ ಬರೆಯಲು ಕೈ ಬರುವುದಿಲ್ಲ.

ಮೊಳೆ ಹಲಗೆಯನ್ನೂ ಮಾಡಿಕೊಳ್ಳಿ. 1950ರ ದಶಕದಲ್ಲಿ ಗಣಿತ ಶಿಕ್ಷಣತಜ್ಞ ಕ್ಯಾಲೆಬ್ ಗಟೆನ್ಯೊ ಬಳಕೆಗೆ ತಂದದ್ದು, ಅಂಗಡಿಯಲ್ಲಿ ಪ್ಲಾಸ್ಟಿಕ್ಕಿನದು ಸಿಗುತ್ತದೆ, ಬೇಡ. ಫರ್ನಿಚರ್ ಅಂಗಡಿಯಲ್ಲಿ ಬಿದ್ದಿರುವ ಪ್ಲೈವುಡ್ ಚೂರು ಕೇಳಿ ತನ್ನಿ. ನಾನು ಮೊದಲ ಸಲ 6 ಎಂಎಂ ಪ್ಲೈಗೆ ಹೊಡೆದು, ಮೊಳೆ ಹಿಂದಿನಿಂದ ತೂರಿ ಬಂದು ಮಗುವಿನ ತೊಡೆ ಗೀರಿತು. 12 ಎಂಎಂ ಆಗಲಿ. ರಬ್ಬರ್ ಬ್ಯಾಂಡೂ ಬೇಡ. ಒಂದು ಸಲ ಹಳೇ ಬ್ಯಾಂಡ್ ಹರಿದು ಹುಡುಗನ ಕಣ್ಣಿನ ಕೆಳಗೇ ಬಡಿಯಿತು, ಆ ಬರೆ ನೋಡಿ ನನ್ನ ಜೀವ ಬಾಯಿಗೆ ಬಂದಿತ್ತು. ಆವತ್ತಿನಿಂದ ಉಲ್ಲನ್ ದಾರವೇ. ಒಂದು ಹಲಗೆಯಲ್ಲಿ ವೃತ್ತ ಎಳೆದು 12 ಮೊಳೆ ಸಮನಾಗಿ ಹೊಡೆದು, ನಡುವೆ ಒಂದು ಹೊಡೆಯಿರಿ. ಕೈವಾರವನ್ನು ತ್ರಿಜ್ಯದಷ್ಟೇ ಇಟ್ಟುಕೊಂಡು ಪರಿಧಿಯ ಮೇಲೆ ಹೆಜ್ಜೆ ಹಾಕಿದರೆ ಆರು ಗುರುತು ಬರುತ್ತವೆ, ಒಂದೊಂದರ ಮಧ್ಯೆ ಇನ್ನೊಂದು. ವ್ಯಾಸದ ಎರಡು ತುದಿಯ ಮೊಳೆಗೆ ದಾರ ಕಟ್ಟಿ, ಮೂರನೇ ಮೊಳೆ ಯಾವುದಾದರೂ ಆಗಲಿ, ಅಲ್ಲಿಗೆ ಎಳೆದರೆ ಆ ಜೇಬಿನ ಕಾಗದದ ಮೂಲೆ ಸರಿಯಾಗಿ ಕೂರುತ್ತದೆ. ಅರ್ಧವೃತ್ತದಲ್ಲಿನ ಕೋನ ಲಂಬಕೋನ. ಮಕ್ಕಳು ಒಂದೊಂದು ಮೊಳೆಗೂ ಹಾಕಿ ನೋಡುತ್ತಾರೆ, ನಂಬಿಕೆ ಬರುವುದಿಲ್ಲ ಅವಕ್ಕೆ.

ಪೋರ್ಷನ್ ಅಂದವರಿಗೆ ಹೇಳಿ, ಕಡ್ಡಿಗೆ ಎರಡು ಪೀರಿಯಡ್ ಸಾಕು. ಅದನ್ನು ಉಳಿಸಲು ಹೋಗಿ ನೀವು ಸರ್ವಸಮತೆಯನ್ನು ಮೂರು ಸಲ ರಿವಿಷನ್ ಮಾಡಿಸುತ್ತೀರಿ ಅಂತ.

ಲ್ಯಾಬ್ ಸರ್, ಮೈಸೂರು

ಕಡ್ಡಿಪೊರಕೆ ಮೇಷ್ಟ್ರು ಹೇಳಿದ್ದಕ್ಕೆ ನನ್ನದು ಜೈ, ಆದರೆ ಕಡ್ಡಿ ಒಂದು ಕಡೆ ಕೈಕೊಡುತ್ತದೆ, ಅದನ್ನು ಹೇಳಲೇಬೇಕು.

ಹೋದ ವರ್ಷ ಕಾಗದ ಮಡಿಸಿ ಪರಿಕೇಂದ್ರ, ಅಂದರೆ ತ್ರಿಭುಜದ ಮೂರೂ ಶೃಂಗಕ್ಕೆ ಸಮದೂರದಲ್ಲಿರುವ ಬಿಂದು, ಕಂಡುಹಿಡಿಯುವುದು ಮಾಡಿಸಿದೆ. ಹಳೇ ನೋಟ್ ಬುಕ್ಕಿನ ಹಾಳೆಯಲ್ಲಿ ತ್ರಿಭುಜ ಕತ್ತರಿಸಿ, ಒಂದು ಶೃಂಗವನ್ನು ಇನ್ನೊಂದರ ಮೇಲೆ ಕೂರಿಸಿ ಮಡಿಸಿದರೆ ಆ ಬಾಹುವನ್ನು ಸರಿಯಾಗಿ ನಡುವೆ ಲಂಬವಾಗಿ ಕತ್ತರಿಸುವ ಗೆರೆ, ಲಂಬಾರ್ಧಕ, ಬರುತ್ತದೆ. ಮೂರೂ ಬಾಹುವಿಗೆ ಮಾಡಿದರೆ ಮೂರು ಮಡಿಕೆ ಒಂದೇ ಕಡೆ ಸೇರಬೇಕು. ಮುಂದಿನ ಬೆಂಚಿನವರದೆಲ್ಲ ಸೇರಿತು. ಹಿಂದಿನ ಬೆಂಚಿನ ಒಬ್ಬ "ಸಾರ್ ನಂದು ಸೇರ್ತಾ ಇಲ್ಲ" ಅಂತ ಕೂಗಿದ. ನೀನು ಸರಿಯಾಗಿ ಮಡಿಸಿಲ್ಲ ಕಣೋ ಅಂತ ಗದರಿಸಿ, ನಾನೇ ಇಸಕೊಂಡು ಮಡಿಸಿದೆ. ನನಗೂ ಸೇರಲಿಲ್ಲ! ಆಮೇಲೆ ಹೊಳೆಯಿತು, ಅವನು ಕತ್ತರಿಸಿದ್ದು ವಿಶಾಲಕೋನ ತ್ರಿಭುಜ. ಅದರ ಪರಿಕೇಂದ್ರ ತ್ರಿಭುಜದ ಆಚೆ ಇರುತ್ತದೆ, ಕಾಗದವೇ ಇಲ್ಲದ ಜಾಗದಲ್ಲಿ. ಮಗುವಿನ ಕೈ ಸರಿ ಇತ್ತು, ನನ್ನ ಚಟುವಟಿಕೆಯೇ ತಪ್ಪಿತ್ತು. ಹಾಗಾಗಿ ಮಡಿಸುವವರು ತ್ರಿಭುಜವನ್ನು ಕತ್ತರಿಸಬೇಡಿ. ದೊಡ್ಡ ತೆಳು ಹಾಳೆಯಲ್ಲಿ ಬರೆದು ಹಾಳೆಯನ್ನೇ ಮಡಿಸಿ.

ಜಿಯೋಜೀಬ್ರಾ ಗೆಲ್ಲುವುದು ಇಲ್ಲೇ. ತ್ರಿಭುಜ, ಮೂರು ಲಂಬಾರ್ಧಕ, ಅವು ಸೇರುವ ಬಿಂದು, ಇಷ್ಟು ಹಾಕಿ ಒಂದು ಶೃಂಗ ಹಿಡಿದು ಎಳೆಯಿರಿ. ಲಘುಕೋನ ಇರುವಷ್ಟು ಹೊತ್ತು ಬಿಂದು ಒಳಗೇ ಓಡಾಡುತ್ತಿರುತ್ತದೆ, ಒಂದು ಕೋನ 90 ಮುಟ್ಟಿದ ತಕ್ಷಣ ಸರಿಯಾಗಿ ವಿಕರ್ಣದ (ಲಂಬಕೋನದ ಎದುರಿನ ಬಾಹುವಿನ) ನಡುವೆ ಬಂದು ಕೂರುತ್ತದೆ, ದಾಟಿದರೆ ಹೊರಗೆ ಹೊರಟಿತು. ಆ ದಾಟುವ ಕ್ಷಣವನ್ನು ಕಾಗದ ತೋರಿಸಲಾರದು, ಕಡ್ಡಿಯೂ ತೋರಿಸಲಾರದು.

ಜಿಯೋಜೀಬ್ರಾವನ್ನು ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ಆಸ್ಟ್ರಿಯಾದ ಸಾಲ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮಟ್ಟದ ಪ್ರಬಂಧದ ಕೆಲಸವಾಗಿ ಶುರು ಮಾಡಿದ್ದು. ಪಾಠಕ್ಕೆ ಬಳಸಲು ದುಡ್ಡು ಬೇಡ. ನಿಮಗೆ ಇಂಟರ್‌ನೆಟ್ ಇಲ್ಲ ಅಂದಿರಿ, ಪರವಾಗಿಲ್ಲ ಮೇಡಂ, ಬೇರೆ ಕಡೆ ಡೌನ್‌ಲೋಡ್ ಮಾಡಿ ಪೆನ್‌ಡ್ರೈವಿನಲ್ಲಿ ತಂದು ಹಾಕಿ. ಕ್ಲಾಸಿಕ್ 5 ಅನ್ನುವುದು ಹಳೇ ಕಂಪ್ಯೂಟರಿಗೂ ಒಗ್ಗುತ್ತದೆ.

ಪ್ರೊಜೆಕ್ಟರಿಗೆ ಹಾಕಿ ನೀವೇ ಎಳೆದು ತೋರಿಸಬೇಡಿ. ಅದು ಸಿನಿಮಾ ಆಗುತ್ತದೆ, ಕತ್ತಲಲ್ಲಿ ಅರ್ಧ ಕ್ಲಾಸು ನಿದ್ದೆ. ಮೂರು ಕಂಪ್ಯೂಟರಿಗೆ ನಾಲ್ಕು ನಾಲ್ಕು ಜನ ಕೂರಿಸಿ, ಉಳಿದವರು ಕಾಗದ-ಕಡ್ಡಿ, ಆಮೇಲೆ ಅದಲು ಬದಲು. ಮೌಸ್ ಮುಟ್ಟುವ ಮೊದಲು ಏನಾಗಬಹುದು ಅಂತ ಪುಸ್ತಕದಲ್ಲಿ ಬರೆದಿರಬೇಕು. ಇದನ್ನು ಬಿಟ್ಟರೆ ಸುಮ್ನೆ ಎಳೆದಾಡಿ ಬಣ್ಣ ಬದಲಾಯಿಸಿ ಎದ್ದು ಬರುತ್ತಾರೆ.

ಇನ್ನು ಡ್ರ್ಯಾಗ್ ಪರೀಕ್ಷೆ. ಸಮಬಾಹು ತ್ರಿಭುಜ ಮಾಡಿ ಅಂದರೆ ಮಕ್ಕಳು ಕಣ್ಣಳತೆಯಲ್ಲಿ ಮೂರು ಬಿಂದು ಹಾಕಿ ಜೋಡಿಸುತ್ತಾರೆ. ನೋಡಲು ಸರಿಯಾಗೇ ಇರುತ್ತದೆ. ಒಂದು ಮೂಲೆ ಎಳೆಯಿರಿ, ಕೆಟ್ಟುಹೋಗುತ್ತದೆ. ಎರಡು ಬಿಂದು ಇಟ್ಟು, ಒಂದೊಂದರಿಂದಲೂ ಇನ್ನೊಂದರ ಮೂಲಕ ಹೋಗುವ ವೃತ್ತ ಎಳೆದು, ವೃತ್ತಗಳು ಸೇರುವ ಕಡೆ ಮೂರನೇ ಬಿಂದು ಇಟ್ಟರೆ ಎಲ್ಲಿಗೆ ಎಳೆದರೂ ಸಮಬಾಹುವೇ. ಯೂಕ್ಲಿಡ್ ತನ್ನ ಮೊದಲ ಪುಸ್ತಕದಲ್ಲಿ ಮೊಟ್ಟಮೊದಲು ಮಾಡುವುದೇ ಇದನ್ನು. ಬಿಡಿಸುವುದಕ್ಕೂ ರಚಿಸುವುದಕ್ಕೂ ಏನು ವ್ಯತ್ಯಾಸ ಅಂತ ನಾನು ವರ್ಷಗಟ್ಟಲೆ ಭಾಷಣ ಮಾಡಿದ್ದೆ, ಆ ಒಂದು ಎಳೆತಕ್ಕೆ ಮಕ್ಕಳಿಗೆ ತಿಳಿಯಿತು.

ಎರಡು ಕಡೆ ಎಡವುತ್ತೀರಿ, ಮೊದಲೇ ಹೇಳಿಬಿಡುತ್ತೇನೆ. ಕೋನ ಅಳೆಯುವಾಗ ಬಿಂದುಗಳನ್ನು ಒತ್ತುವ ಕ್ರಮ ಉಲ್ಟಾ ಆದರೆ 50 ಬದಲು 310 ತೋರಿಸುತ್ತದೆ. ಗಾಬರಿ ಬೇಡ, ಅದು ಇನ್ನೊಂದು ಬದಿಯ ಕೋನ. ಮತ್ತೆ ನನ್ನ ಕ್ಲಾಸಿನಲ್ಲಿ ಒಬ್ಬಳು ಮೂರು ಕೋನ ಕೂಡಿ 180.01 ಬಂತು ಅಂತ ಪುಸ್ತಕ ಎತ್ತಿಕೊಂಡು ಬಂದಳು: 58.34, 71.29, 50.38. ಕಂಪ್ಯೂಟರ್ ಒಂದೊಂದು ಅಂಕಿಯನ್ನೂ ಎರಡು ದಶಮಾಂಶಕ್ಕೆ ಹತ್ತಿರದ ಬೆಲೆಗೆ ದುಂಡಾಗಿಸಿ ತೋರಿಸುತ್ತದೆ, ಅದರ ಫಲ ಇದು. ನಾನು ಅದನ್ನೇ ಹಿಡಿದುಕೊಂಡೆ. ಹಾಗಾದರೆ ನಿಜವಾಗಿ 180 ಅಂತ ಹೇಗೆ ಗೊತ್ತಾಗಬೇಕು? ಸಾವಿರ ತ್ರಿಭುಜ ಎಳೆದರೂ ಗೊತ್ತಾಗುವುದಿಲ್ಲ. ಸಮಾಂತರ ರೇಖೆ ಎಳೆದು ಸಾಧಿಸಲೇಬೇಕು. ಸಾಧನೆ ಯಾಕೆ ಬೇಕು ಅಂತ ಕ್ಲಾಸಿನಿಂದಲೇ ಪ್ರಶ್ನೆ ಬಂದದ್ದು ಆವತ್ತೊಂದೇ ದಿನ.

ಅಂದಹಾಗೆ, ಆಕಾರವನ್ನು ಇಡಿಯಾಗಿ ಕಂಡು ಹೆಸರಿಡುವುದು ಮಕ್ಕಳ ಮೊದಲ ಹಂತ, ಗುಣ ನೋಡಿ ಗುರುತಿಸುವುದು ಆಮೇಲಿನ ಹಂತ ಅಂತ 1957ರಲ್ಲೇ ಹಾಲೆಂಡಿನ ವಾನ್ ಹೀಲೆ ದಂಪತಿ ತಮ್ಮ ಪಿಎಚ್‌.ಡಿ. ಪ್ರಬಂಧಗಳಲ್ಲಿ ಬರೆದಿದ್ದಾರೆ. ಇಬ್ಬರೂ ಶಾಲೆಯಲ್ಲಿ ಪಾಠ ಹೇಳಿದವರೇ. ನಿಮ್ಮ ಹುಡುಗಿ ಆ ಎರಡರ ನಡುವಿನ ಹೊಸ್ತಿಲ ಮೇಲೆ ನಿಂತಿದ್ದಾಳೆ.

ಪಿಟಿ ಮೇಷ್ಟ್ರು

ಗಣಿತದವರು ನಮ್ಮನ್ನು ಲೆಕ್ಕಕ್ಕೇ ತಗೊಳ್ಳಲ್ಲ, ಆದರೂ ಹೇಳುತ್ತೇನೆ. ಪ್ರತಿ ವರ್ಷ ಕ್ರೀಡಾಕೂಟದ ಮುಂಚೆ ನಾನು ವಾಲಿಬಾಲ್ ಕೋರ್ಟ್ ಹಾಕುವುದು ಹಗ್ಗ, ಗೂಟ, ಸುಣ್ಣದ ಪುಡಿಯಲ್ಲೇ. ಕೋರ್ಟ್ 18 ಮೀಟರ್, 9 ಮೀಟರ್. ಅರ್ಧ ಕೋರ್ಟ್ ಅಂದರೆ 9ಕ್ಕೆ 9ರ ಚೌಕ. ನಾಲ್ಕು ಬದಿ 9 ಬಂದ ಮಾತ್ರಕ್ಕೆ ಕೋರ್ಟ್ ಸರಿ ಅಲ್ಲ, ಮೇಲೆ ಕಡ್ಡಿಯ ಚೌಕ ವಾಲಿತಲ್ಲ, ಅದೇ ಥರ ಮೈದಾನದ ಚೌಕವೂ ವಾಲಿರುತ್ತದೆ. ಮೂಲೆಯಿಂದ ಮೂಲೆಗೆ ಕ್ರಾಸ್ ಹಿಡಿದರೆ 12 ಮೀಟರ್ 73 ಸೆಂಟಿಮೀಟರ್ ಬರಬೇಕು, ಎರಡೂ ಕ್ರಾಸ್. ಮನೆ ಪಾಯ ಹಾಕುವ ಗಾರೆಯವರೂ ಕ್ರಾಸ್ ನೋಡದೆ ಗುದ್ದಲಿ ಹಾಕಿಸುವುದಿಲ್ಲ.

ಮೂಲೆ ತೆಗೆಯುವುದಕ್ಕೆ ಅವರದು 3-4-5. ಒಂದು ಬದಿ 3 ಅಡಿ, ಇನ್ನೊಂದು ಬದಿ 4 ಅಡಿ, ನಡುವೆ 5 ಬಂದರೆ ಮೂಲೆ ಮಟ್ಟ. ಹಗ್ಗದಲ್ಲಿ 12 ಸಮ ಭಾಗ ಬರುವ ಹಾಗೆ ಗಂಟು ಹಾಕಿ, ಮೂರು ಮಕ್ಕಳ ಕೈಗೆ ಕೊಡಿ ಮೇಡಂ. ಮೈದಾನದಲ್ಲಿ ಮಾಡಿಸಿದರೆ ಕರೆಂಟೂ ಬೇಡ, ಬೀರುವಿನ ಬೀಗದ ಕೈಯೂ ಬೇಡ.

ನೈಲಾನ್ ಹಗ್ಗ ಮಾತ್ರ ತರಬೇಡಿ. ಒಂದು ವರ್ಷ ಹೊಸ ನೈಲಾನ್ ಹಗ್ಗ ತಂದು, ದಪ್ಪ ಹುಡುಗರಿಬ್ಬರು ಜಗ್ಗಿ ಹಿಡಿದು, ಕೋರ್ಟ್ ಒಂದು ಕಡೆ ಅರ್ಧ ಅಡಿ ಜಾಸ್ತಿ ಆಗಿತ್ತು. ಎದುರಾಳಿ ಶಾಲೆಯವರು ಟೇಪ್ ಹಿಡಿದು ನನ್ನ ಮಾನ ಕಳೆದರು.

ನರಸೀಪುರದವನು

ಕಾಗದ ಮಡಿಸುವ ಮಾತು ಬಂತಲ್ಲ, ಅದೇನು ಹೊಸದಲ್ಲ. ಟಿ. ಸುಂದರರಾವ್ ಅನ್ನುವವರು 1893ರಲ್ಲೇ ಮದ್ರಾಸಿನಲ್ಲಿ ಕಾಗದ ಮಡಿಸಿ ರೇಖಾಗಣಿತ ಕಲಿಸುವ ಪುಸ್ತಕ ತಂದಿದ್ದರು, ಜರ್ಮನಿಯ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಕೂಡ ಅದನ್ನು ಹೆಸರಿಸಿದ್ದ.

ನಾನು ಮಾಡಿಸುವುದು ಒಂದು. ನಮ್ಮ ಸೋಮನಾಥಪುರದ ಕೇಶವ ದೇವಸ್ಥಾನಕ್ಕೆ ಮಕ್ಕಳು ಹೋಗೇ ಇರುತ್ತಾರೆ. ಬೇಲೂರು, ಹಳೇಬೀಡಿನ ಜೊತೆಗೆ 2023ರಲ್ಲಿ ವಿಶ್ವ ಪರಂಪರೆ ಪಟ್ಟಿಗೂ ಸೇರಿತು. ಗರ್ಭಗುಡಿಗಳ ಹೊರಗೋಡೆ 16 ಮೂಲೆಯ ನಕ್ಷತ್ರ. ಅದನ್ನು ಕೋನಮಾಪಕ ಇಲ್ಲದೆ ಬರೆಸುತ್ತೇನೆ. ಹಳೇ ಲಗ್ನಪತ್ರಿಕೆಯ ರಟ್ಟಿನಿಂದ ಒಂದು ಚೌಕ ಕತ್ತರಿಸಿ, ಎರಡು ಕರ್ಣ ಸೇರುವ ಕಡೆ ಗುಂಡುಪಿನ್ನು ಚುಚ್ಚಿ ಹಾಳೆಗೆ ನಿಲ್ಲಿಸಿ. ಇನ್ನೊಂದು ಕಾಗದದಲ್ಲಿ ಕಡ್ಡಿಪೊರಕೆ ಮೇಷ್ಟ್ರು ಹೇಳಿದ ಲಂಬಕೋನ ಮಡಿಸಿ, ಅದನ್ನು ಅರ್ಧ, ಮತ್ತೆ ಅರ್ಧ ಮಡಿಸಿದರೆ 22.5 ಡಿಗ್ರಿ. ಚೌಕದ ಸುತ್ತ ಗೆರೆ ಎಳೆಯಿರಿ, 22.5 ತಿರುಗಿಸಿ ಮತ್ತೆ ಎಳೆಯಿರಿ. ನಾಲ್ಕು ಸಲ ಎಳೆದರೆ 16 ಮೂಲೆ ಬಂತು. ಐದನೇ ಸಲ ಎಳೆಯಲು ಹೋದರೆ ಮೊದಲ ಗೆರೆಯ ಮೇಲೇ ಕೂರುತ್ತದೆ. ಯಾಕೆ ಅಂತ ಕೇಳಿ. ಅಲ್ಲಿಗೆ ತಿರುಗಿಸಿದರೂ ಆಕಾರ ಹಾಗೇ ಕಾಣುವ ಗುಣ, ಪರಿಭ್ರಮಣ ಸಮಮಿತಿಯೇ ಬಂದುಬಿಟ್ಟಿತು.

ನಿಮ್ಮ ಓರೆ ಚೌಕದ ಸಮಸ್ಯೆಗೂ ಇದು ಆಗುತ್ತದೆ. ಒಂದೇ ರಟ್ಟು ನಾಲ್ಕು ಥರ ನಿಂತಿದೆ ಅಂತ ಅವರ ಕೈಗೇ ಗೊತ್ತಿರುತ್ತದೆ. ಆಮೇಲೆ ಜಿಯೋಜೀಬ್ರಾದಲ್ಲಿ ಸ್ಲೈಡರ್ (ಸರಿಸಿದರೆ ಕೋನ ಬದಲಾಗುವ ಗುಂಡಿ) ಇಟ್ಟು ಅದೇ ಚೌಕ ತಿರುಗಿಸಿದರೆ 22.5 ಬದಲು 30, 18 ಎಲ್ಲ ಹಾಕಿ ನೋಡುತ್ತಾರೆ. ಮೊದಲೇ ಸ್ಲೈಡರ್ ಕೊಟ್ಟರೆ ಚಕ್ರ ತಿರುಗಿದ ಹಾಗೆ ತಿರುಗಿಸಿ ಮುಗಿಸುತ್ತಾರೆ.

ಗಣಿತ ಮಿಸ್, ಪಾಂಡವಪುರ ಕಡೆ

ಮೂರು ವಾರ ಆಯಿತು, ವರದಿ ಒಪ್ಪಿಸುತ್ತಿದ್ದೇನೆ.

ವಾಲ್ ಟ್ಯೂಬಿಗೆ ನೂರು ರೂಪಾಯಿಯೂ ಆಗಲಿಲ್ಲ. ಎಲ್ಲರೂ ಮನೆಯಿಂದ ಪೊರಕೆ ಕಡ್ಡಿ ತಂದರು, ಮಾರನೇ ದಿನ ಒಬ್ಬರ ಅಜ್ಜಿ ಪೊರಕೆ ಅರ್ಧ ಆಯಿತು ಅಂತ ಶಾಲೆಗೇ ಬಂದಿದ್ದರು. ಅಂಗೈ ತಿರುಗಿಸಿ ಎಲ್ಲಿ ಡೈಮಂಡ್ ಆಯಿತು ಹೇಳಿ ಅಂದಾಗ ಕ್ಲಾಸು ಗಪ್ ಚಿಪ್. ಆ ಹುಡುಗಿ ಮಾತ್ರ ಬಹಳ ಹೊತ್ತು ತಿರುಗಿಸುತ್ತಾ ಇದ್ದಳು, ಆಮೇಲೆ ಪಕ್ಕದವಳ ಚೌಕವನ್ನು ತಾನೇ ತಿರುಗಿಸಿ ನೋಡಿ ಇಟ್ಟಳು. ಏನೂ ಹೇಳಲಿಲ್ಲ.

ಜೇಬಿನ ಕಾಗದದ ಉಪಾಯ ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿತು. ಟೆಸ್ಟಿನಲ್ಲಿ 130 ಬರೆದವರು ಮೂರೇ ಜನ. ಕಂಪ್ಯೂಟರಿನ ಪಾಠ ಅರ್ಧಕ್ಕೇ ನಿಂತಿತು, ಕರೆಂಟು ಹೋಯಿತು. ಆದರೂ ಎಳೆದರೆ ಕೆಟ್ಟುಹೋಗುವ ಸಮಬಾಹು ತ್ರಿಭುಜ ನೋಡಿ ಹುಡುಗರು ಕುಣಿದಾಡಿದರು, ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಕೆಡಿಸುವುದೇ ಆಟವಾಯಿತು. ಸೋಮನಾಥಪುರದ ನಕ್ಷತ್ರ ಈಗ ನೋಟಿಸ್ ಬೋರ್ಡಿನ ಮೇಲಿದೆ. ಸ್ಟಾಫ್ ರೂಮಿನವರು ಇನ್ನೂ ಪೋರ್ಷನ್ ಅನ್ನುತ್ತಲೇ ಇದ್ದಾರೆ, ನಾನು ಒಂದು ಪಾಠ ಹಿಂದೆ ಇರುವುದೂ ನಿಜ.

ಈಗ ಹೊಸ ತಕರಾರು. ನಿನ್ನೆ ಚತುರ್ಭುಜಗಳ ಪಾಠ ಶುರು ಮಾಡಿದೆ. ರಾಂಬಸ್‌ಗೆ ಪುಸ್ತಕದಲ್ಲಿ ವಜ್ರಾಕೃತಿ ಅಂತ ಇದೆಯಲ್ಲ, ನಾಲ್ಕೂ ಬಾಹು ಸಮ ಇರುವ ಚತುರ್ಭುಜ ಅಂತ ಓದಿಸಿದೆ. ಅದೇ ಹುಡುಗಿ ಎದ್ದಳು. "ಮಿಸ್, ವಜ್ರ ಅಂದ್ರೆ ಡೈಮಂಡ್ ಅಲ್ವಾ? ಚೌಕಕ್ಕೂ ನಾಲ್ಕೂ ಬಾಹು ಸಮ. ಹಂಗಾದ್ರೆ ಅವತ್ತು ನಾವು ಹೇಳಿದ್ದು ತಪ್ಪು ಹೆಂಗಾಯ್ತು?"

ಕಡ್ಡಿಪೊರಕೆ

ತಪ್ಪಾಗಿರಲಿಲ್ಲ ಮೇಡಂ. ಚೌಕ ಯಾವತ್ತಿದ್ದರೂ ವಜ್ರಾಕೃತಿಯೇ, ನೆಟ್ಟಗೆ ನಿಂತಾಗಲೂ. ಡೈಮಂಡ್ ಅಂದದ್ದು ಸರಿ, ಚೌಕ ಅಲ್ಲ ಅಂದದ್ದು ತಪ್ಪು. ಹೋಗಿ ಅವಳಿಗೆ ಹಾಗೇ ಹೇಳಿ, ಇಡೀ ಕ್ಲಾಸಿನ ಮುಂದೆ.

ಲ್ಯಾಬ್ ಸರ್, ಮೈಸೂರು

ಹೇಳಬೇಡಿ. ವಾಲುವ ಚೌಕ ಮತ್ತೆ ಅವಳ ಕೈಗೆ ಕೊಟ್ಟು, ವಜ್ರಾಕೃತಿ ಅಲ್ಲದ ಚೌಕ ಒಂದನ್ನು ಮಾಡಿ ತೋರಿಸು ಅನ್ನಿ.

ಗಣಿತ ಮಿಸ್, ಪಾಂಡವಪುರ ಕಡೆ

ಸೋಮವಾರ ಮೂರನೇ ಪೀರಿಯಡ್. ಟ್ಯೂಬ್ ಖಾಲಿಯಾಗಿದೆ, ಇನ್ನೊಂದು ಮೀಟರ್ ತರಬೇಕು.